ಸಾಹೇಬನ ಸರಪಳಿಗೆ ಎರಡು ಕೊಂಡಿ

ಕತೆಯ ಕೊನೆಯಲ್ಲಿದ್ದ ಒಂದೇ ಒಂದು ಸಾಲು ಬಿಟ್ಟುಹೋದದ್ದರಿಂದ ಇಷ್ಟೆಲ್ಲ ಆಯಿತು.

'ಈ ಕತೆಯಲ್ಲಿ ಬರುವ ವ್ಯಕ್ತಿಗಳೂ ಘಟನೆಗಳೂ ಕೇವಲ ಕಾಲ್ಪನಿಕ' ಎಂದು ಚಿದಂಬರ ಸ್ವಂತ ಕೈಯಿಂದ ಬರೆದು, ಅಡಿಗೆರೆ ಎಳೆದು ಕೊಟ್ಟಿದ್ದ. ನಾಶಿಕದ ಗೋದಾತೀರ ಕನ್ನಡ ಸಂಘದ ರಾಜ್ಯೋತ್ಸವ ಸಂಚಿಕೆ ಅಚ್ಚಾಗಿ ಬಂದಾಗ ನೋಡಿದರೆ, ಆ ಸಾಲು ಇರಬೇಕಾದ ಜಾಗದಲ್ಲಿ ಸದಾನಂದ ಶೆಟ್ಟರ ಹೋಟೆಲಿನ ಜಾಹೀರಾತು ಕೂತಿತ್ತು: 'ಇಲ್ಲಿ ಎಲ್ಲವೂ ಅಸಲಿ. ಒಮ್ಮೆ ಬಂದು ಖಾತ್ರಿ ಮಾಡಿಕೊಳ್ಳಿ.'

ಚಿದಂಬರ ಓಝರಿನ ವಿಮಾನ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಟರ್. ಇಪ್ಪತ್ತೆಂಟು ವರ್ಷದಿಂದ ಅವನ ಕೆಲಸ ಒಂದೇ, ಅಳೆಯುವುದು. ಕೂದಲೆಳೆಯ ಹತ್ತನೇ ಒಂದು ಪಾಲು ಹೆಚ್ಚುಕಡಿಮೆಯಾದರೂ ಆ ಬಿಡಿಭಾಗಕ್ಕೆ ಕೆಂಪು ಚೀಟಿ ಅಂಟಿಸಿ ವಾಪಸ್ ಕಳಿಸುವವನು. ಹೆಂಡತಿ ವನಜಾ ಊಟಕ್ಕೆ ನಾಲ್ಕು ಮಂದಿ ಬರುತ್ತಾರೆ ಎಂದರೆ, ಖರೇ ನಾಲ್ಕೋ ಮಾತಿಗೆ ನಾಲ್ಕೋ ಎಂದು ಕೇಳುವವನು. ಇಂಥವನು ಐವತ್ತೆರಡನೆಯ ವಯಸ್ಸಿನಲ್ಲಿ, ಕ್ಯಾಂಟೀನಿನ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದಾಗ, ಬದುಕಿನ ಮೊತ್ತಮೊದಲ ಸುಳ್ಳನ್ನು ಹುಟ್ಟಿಸಿದ. ಚೊಚ್ಚಲ ಸುಳ್ಳು. ಅದರ ಮೇಲೆ ಅವನಿಗೆ ಚೊಚ್ಚಲ ಕೂಸಿನ ಮೇಲಿದ್ದಷ್ಟೇ ಪ್ರೀತಿ.

ಕತೆ ಇಷ್ಟೇ. ನೂರಿಪ್ಪತ್ತು ವರ್ಷದ ಹಿಂದೆ ಹಾರ್ಕಿನ್ಸ್ ಎಂಬ ಇಂಗ್ಲಿಷ್ ಸಾಹೇಬ ನಾಶಿಕದ ಬಳಿಯ ದಿಂಡೋರಿಯ ಹೊಲಗಳನ್ನು ಅಳೆಯಲು ಬರುತ್ತಾನೆ. ಅವನ ಅಡುಗೆಯವನು ಬಾಗಲಕೋಟೆ ಕಡೆಯ ಮೆಳ್ಳಗಣ್ಣಿನ ಮುದ್ದಣ್ಣ. ಒಗೆದ ಬಟ್ಟೆ ಒಣಹಾಕಲು ಹಗ್ಗ ಸಿಗದೆ ಮುದ್ದಣ್ಣ ಮೋಜಣಿಯ ಸರಪಳಿಯನ್ನೇ ಎರಡು ಮರಗಳಿಗೆ ಕಟ್ಟಿ, ಅದರ ಮೇಲೆ ಸಾಹೇಬನ ಮೊಣಕಾಲುದ್ದದ ಒದ್ದೆ ಚಣ್ಣ ಹರವುತ್ತಾನೆ. ಸಾಹೇಬನ ಚಣ್ಣವೆಂದರೆ ಸಾಮಾನ್ಯವೆ, ಸರಪಳಿ ಪಟ್ಟನೆ ಹರಿಯುತ್ತದೆ. ಹೆದರಿದ ಮುದ್ದಣ್ಣ ತನ್ನ ಕೂಸಿನ ತೊಟ್ಟಿಲ ಸರಪಳಿಯಿಂದ ಎರಡು ಕೊಂಡಿ ಕಿತ್ತು ಅದಕ್ಕೆ ಜೋಡಿಸಿಬಿಡುತ್ತಾನೆ. ಸರಪಳಿ ಉದ್ದವಾಯಿತು, ಅಳೆದ ಹೊಲಗಳೆಲ್ಲ ಕಾಗದದ ಮೇಲೆ ಚಿಕ್ಕವಾದವು, ರೈತರ ಕಂದಾಯ ಇಳಿಯಿತು. ಲಂಡನ್ನಿನ ದೊರೆಗಳಿಗೆ ಮಾತ್ರ ಹಿಂದೂಸ್ಥಾನ ಯಾಕೆ ಹೀಗೆ ಕುಗ್ಗುತ್ತಿದೆ ಎಂಬುದು ಕೊನೆಯವರೆಗೂ ತಿಳಿಯಲಿಲ್ಲ.

ಮಗಳು ಅಪೇಕ್ಷಾಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ. ಅಪ್ಪನಿಂದ ಓದಿಸಿಕೊಂಡು ನಕ್ಕು, ಅದನ್ನು ಮರಾಠಿಯಲ್ಲಿ ಟೈಪ್ ಮಾಡಿ ತನ್ನ ಕಾಲೇಜಿನ ಗುಂಪಿಗೆ ಹಾಕಿದಳು. ಕತೆ ಎಂದು ಹಾಕಿದರೆ ಯಾರೂ ಓದುವುದಿಲ್ಲವೆಂದು 'ನಮ್ಮ ನಾಶಿಕದ ಅಜ್ಞಾತ ವೀರ' ಎಂಬ ತಲೆಬರಹವನ್ನೂ ಕೊಟ್ಟಳು. ಅದು ಫೋನಿನಿಂದ ಫೋನಿಗೆ ಹಾರುತ್ತ, ಎಂಟೇ ದಿನದಲ್ಲಿ ದಿಂಡೋರಿಯ ದ್ರಾಕ್ಷಿ ತೋಟಗಳನ್ನು ತಲುಪಿತು.

ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಬಾಗಿಲು ತಟ್ಟಿದ ಸದ್ದಾಯಿತು. ಗಾಂಗುರ್ಡೆ ಎಂಬ ದ್ರಾಕ್ಷಿ ರೈತ ಮೋಟರ್‌ಸೈಕಲ್ ನಿಲ್ಲಿಸಿ, ಕೈಯಲ್ಲಿ ಹೊಲದ ಉತಾರೆಯ ಕಾಗದ ಹಿಡಿದು ನಿಂತಿದ್ದ. ನಮಸ್ಕಾರ ಮುಗಿಯುವ ಮುನ್ನವೇ ಕೇಳಿದ, "ಕಾಕಾ, ದೋನ್ ಕಡ್ಯಾ ಮ್ಹಣಜೇ ನಕ್ಕೀ ಕಿತೀ?"

ಎರಡು ಕೊಂಡಿ ಎಂದರೆ ಸರಿಯಾಗಿ ಎಷ್ಟು? ಅದು ಅವನ ಪ್ರಶ್ನೆ. ಸಾಹೇಬ ತಪ್ಪಾಗಿ ಅಳೆದಿದ್ದರೆ ತನ್ನ ಹೊಲ ಕಾಗದದಲ್ಲಿ ಇರುವುದಕ್ಕಿಂತ ದೊಡ್ಡದಿರಬೇಕು. ಆ ಹೆಚ್ಚಿನ ನೆಲವನ್ನು ಪಕ್ಕದ ತೋಟದ ದಾಯಾದಿ, ಆ ಭಾವಕಿಯವನು, ನುಂಗಿ ಕೂತಿದ್ದಾನೆ ಎಂದು ಅವನ ವಾದ.

ಇದು ಬರೀ ಕತೆ ಎಂದು ಹೇಳಲು ಚಿದಂಬರ ಬಾಯಿ ತೆರೆದ. ಆದರೆ ಯಾರಾದರೂ 'ಸರಿಯಾಗಿ ಎಷ್ಟು' ಎಂದು ಕೇಳಿದರೆ ಅವನ ಮೈಯಲ್ಲಿ ದೇವರು ಬಂದಂತಾಗುತ್ತಿತ್ತು. ಅರವತ್ತಾರು ಅಡಿಯ ಸರಪಳಿ, ನೂರು ಕೊಂಡಿ, ಒಂದಕ್ಕೆ ಹತ್ತಿರ ಹತ್ತಿರ ಎಂಟು ಅಂಗುಲ, ಎರಡು ಸೇರಿದರೆ ನೂರಕ್ಕೆ ಎರಡು, ಉದ್ದಕ್ಕೂ ಅಗಲಕ್ಕೂ ಸೇರಿ ನೂರಕ್ಕೆ ನಾಲ್ಕು. ಮೇಜಿನ ಮೇಲಿದ್ದ ಹಾಳೆ ಎಳೆದುಕೊಂಡು ಲೆಕ್ಕ ಮಾಡಿ, "ಎಕರೆಗೆ ಸುಮಾರು ಒಂದೂವರೆ ಗುಂಟೆ ಹೆಚ್ಚು" ಎಂದು ಬರೆದ. ಬರೆದ ಮೇಲೆ ಕೈ ಸುಮ್ಮನಿರಲಿಲ್ಲ. ಕಾರ್ಖಾನೆಯ ರೂಢಿಯಂತೆ ಕೆಳಗೆ ಸಹಿ ಹಾಕಿ, ತಾರೀಖು ಬರೆದು, ಎರಡು ಸಲ ಅಡಿಗೆರೆ ಎಳೆದ. ಗಾಂಗುರ್ಡೆ ಆ ಹಾಳೆಯನ್ನು ತೀರ್ಥದಂತೆ ಎರಡೂ ಕೈಯಲ್ಲಿ ತೆಗೆದುಕೊಂಡು ಹೊರಟುಹೋದ. ಮೋಟರ್‌ಸೈಕಲ್ಲಿನ ಸದ್ದು ಅಡಗಿದ ಮೇಲೆ ಚಿದಂಬರನಿಗೆ ತಾನು ಮಾಡಿದ್ದೇನೆಂದು ಅರಿವಾಯಿತು.

"ಸುಳ್ಳಿಗೆ ಸಹಿ ಮಾಡಿ ಕೊಟ್ಟೆ, ವನಜಾ" ಎಂದ.

"ಇಪ್ಪತ್ತೆಂಟ್ ವರ್ಷ ಖರೇಕ್ಕ ಸಹಿ ಮಾಡಿದ್ರಿ, ಏನ್ ಸಿಕ್ತು?" ಎಂದು ವನಜಾ ಅವಲಕ್ಕಿಯ ತಟ್ಟೆಯನ್ನು ಮುಂದಿಟ್ಟಳು.

ಅವಲಕ್ಕಿ ಮುಗಿಯುವಷ್ಟರಲ್ಲಿ ಸಂಗಮನಾಥರು ಬಂದರು. ಸಾತಪುರದಲ್ಲಿ ಸ್ವಂತ ವರ್ಕ್‌ಶಾಪ್ ಇರುವ ಈ ಸಂಗಮನಾಥರು ಹನ್ನೊಂದು ವರ್ಷದಿಂದ ಸಂಘದ ಅಧ್ಯಕ್ಷರು. ಅವರು ಭಾಷಣಕ್ಕೆ ನಿಂತರೆ ಮೈಕೇ ಬಿಸಿಯಾಗುತ್ತದೆ ಎಂಬ ಪ್ರತೀತಿ. ಅವರ ಹಿಂದೆ ಕಾರಿನ ಕೀಲಿ ತಿರುಗಿಸುತ್ತ ಹೋಟೆಲಿನ ಸದಾನಂದ ಶೆಟ್ಟರು ಬಂದರು. ಇಬ್ಬರ ಮುಖದಲ್ಲೂ ಮದುವೆಯ ಕಳೆ.

ಸುದ್ದಿ ಏನೆಂದರೆ, ಮುದ್ದಣ್ಣನ ಮೊಮ್ಮಗ ಸಿಕ್ಕಿದ್ದ. ಹೆಸರು ಧರ್ಮಣ್ಣ. ಛತ್ರಪತಿ ಸಂಭಾಜಿನಗರದಲ್ಲಿ ಇರುತ್ತಾನೆ, ವಾಳೂಜದ ಕಾರ್ಖಾನೆಯೊಂದರಿಂದ ನಿವೃತ್ತನಾದವನು. ಸಂಚಿಕೆ ಓದಿ, ನಮ್ಮ ಅಜ್ಜನ ಬಗ್ಗೆ ಬರೆದವರು ಯಾರು ಎಂದು ಅಧ್ಯಕ್ಷರಿಗೇ ಫೋನು ಮಾಡಿದ್ದಾನೆ. ಅವನಿರುವ ಕಾಲನಿಯವರು ಇವತ್ತೇ ಮಧ್ಯಾಹ್ನ ಸತ್ಕಾರ ಇಟ್ಟುಕೊಂಡಿದ್ದಾರೆ. ಹೇಗೂ ಸಭೆ, ಹೇಗೂ ಹಾರ. ಆದ್ದರಿಂದ ಸಂಘದ ವರ್ಷದ ಕಥಾ ಬಹುಮಾನದ ಲಕೋಟೆಯನ್ನೂ ಅಲ್ಲೇ ಒಡೆಯುವುದೆಂದು ಸಂಗಮನಾಥರು ತೀರ್ಮಾನಿಸಿಬಿಟ್ಟಿದ್ದರು.

ಕಥಾ ಬಹುಮಾನ ಎಂದ ಕೂಡಲೇ ಚಿದಂಬರ ಅವಲಕ್ಕಿಯ ತಟ್ಟೆ ಸರಿಸಿ ನೆಟ್ಟಗೆ ಕೂತ. ಆ ಬಹುಮಾನದ ಶಾಲನ್ನು ಅವನು ಕನಸಿನಲ್ಲಿ ಮೂರು ಸಲ ಹೊದ್ದಿದ್ದ. ಆದರೂ ಸತ್ಯ ಹೇಳಲೇಬೇಕಿತ್ತು. ಮುದ್ದಣ್ಣ ಎಂಬುವನು ಇರಲೇ ಇಲ್ಲ, ಸಾಹೇಬನೂ ಇರಲಿಲ್ಲ, ಚಣ್ಣವೂ ಇರಲಿಲ್ಲ, ಎಲ್ಲ ತನ್ನ ತಲೆಯಿಂದ ಬಂದದ್ದು ಎಂದು ಬಿಡಿಸಿ ಬಿಡಿಸಿ ಹೇಳಿದ.

ಸಂಗಮನಾಥರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. "ಇಂಗ್ಲಿಷರು ಬಂಗ್ಲೆದಾಗ ಕುಂತು ನಮ್ಮ ಬಗ್ಗೆ ಬರದದ್ದೆಲ್ಲಾ ಇತಿಹಾಸ. ನಾವು ಅವರ ಬಗ್ಗೆ ಬರದ್ರ ಅದು ಕತಿ. ಹಿಂಗಂದ್ರ ಹೆಂಗ್ರೀ ಚಿದಂಬರ? ನಿಮಗ ಸ್ವಾತಂತ್ರ್ಯ ಸಿಕ್ಕಿದ್ದು ಇನ್ನೂ ಗೊತ್ತಾಗಿಲ್ಲೇನು?"

ಮೊಮ್ಮಗನನ್ನೇ ಖುದ್ದಾಗಿ ಕಂಡು ತಪ್ಪು ತಿಳಿವಳಿಕೆ ಬಿಡಿಸಿದರಾಯಿತು ಎಂದುಕೊಂಡು ಚಿದಂಬರ ಇಸ್ತ್ರಿ ಮಾಡಿದ ಅಂಗಿ ತೊಟ್ಟ. ದಾರಿಯಲ್ಲಿ ಯೇವಲಾ ಬರುತ್ತದೆ, ಅಲ್ಲಿ ಪೈಠಣಿ ಸೀರೆ ಸಿಗುತ್ತದೆ ಎಂದು ವನಜಾಳೂ ಹೊರಟಳು.

ನಿಫಾಡ ದಾಟುವವರೆಗೆ ಕಾರಿನಲ್ಲಿ ಶಾಂತಿ ಇತ್ತು. ಆಮೇಲೆ ಶೆಟ್ಟರು, ಮುಂದಿನ ವಾರದಿಂದ ಹೋಟೆಲಿನಲ್ಲಿ 'ಮುದ್ದಣ್ಣ ಥಾಲಿ' ಶುರು ಮಾಡುವುದಾಗಿ ಹೇಳಿ, ಅಷ್ಟಕ್ಕೇ ನಿಲ್ಲಿಸದೆ, ಅಷ್ಟು ಹಿಂದೆ ನಾಶಿಕಕ್ಕೆ ಬಂದು ಅಡುಗೆ ಮಾಡಿದವನು ಅಂದ ಮೇಲೆ ಅವನು ಉಡುಪಿ ಕಡೆಯವನೇ ಆಗಿರಬೇಕು ಎಂದರು. ಸಂಗಮನಾಥರು ಕೆರಳಿದರು. ಬಾಗಲಕೋಟೆಯವರಿಗೆ ಅಡುಗೆ ಬರುವುದಿಲ್ಲವೇ ಎಂದರು. ಮಾತು ಸಾರಿನ ಹುಡಿಗೂ ಶೇಂಗಾ ಹಿಂಡಿಗೂ ಹೋಗಿ ಕೈ ಮಿಲಾಯಿಸುವ ಹಂತಕ್ಕೆ ಬಂದಾಗ, ಹಿಂದಿನ ಸೀಟಿನಿಂದ ಚಿದಂಬರ ಮೆಲ್ಲಗೆ, ಮುದ್ದಣ್ಣ ಬಾಗಲಕೋಟೆಯವನೇ ಎಂದ.

"ನಿಮಗೆ ಹೇಗೆ ಗೊತ್ತು ಮಾರಾಯ್ರೆ?" ಎಂದರು ಶೆಟ್ಟರು.

"ನಾನ ಬರದೀನಲ್ರಿ."

"ಬರೆದವರಿಗೆಲ್ಲ ಗೊತ್ತಿರ್ತದೆ ಅಂತ ಉಂಟಾ? ನಾನು ಇಪ್ಪತ್ತು ವರ್ಷದಿಂದ ಬೋರ್ಡಿನಲ್ಲಿ 'ಬಿಸಿ ಬಿಸಿ ಇಡ್ಲಿ' ಅಂತ ಬರೆಸಿದ್ದೇನೆ."

ಯೇವಲಾದಲ್ಲಿ ವನಜಾ ಬರೇ ನೋಡಿ ಬರುತ್ತೇನೆಂದು ಅಂಗಡಿಯೊಳಗೆ ಹೋದಳು. ಅವಳು ಬರೇ ನೋಡುತ್ತಿದ್ದ ಮುಕ್ಕಾಲು ಗಂಟೆಯಲ್ಲಿ ಗಾಂಗುರ್ಡೆಯ ಫೋನು ಬಂತು. ಅವನೂ ಭಾವಕಿಯವನೂ ಸೇರಿ ಊರ ನಾಲ್ಕು ಜನರ ಮುಂದೆ ಟೇಪು ಹಿಡಿದು ಎರಡೂ ತೋಟ ಅಳೆದಿದ್ದರು. ಕಾಗದದಲ್ಲಿ ಎಷ್ಟಿದೆಯೋ ನೆಲದಲ್ಲೂ ಅಷ್ಟೇ ಇತ್ತು, ಒಂದಂಗುಲ ಹೆಚ್ಚಿರಲಿಲ್ಲ.

ಚಿದಂಬರನಿಗೆ ರಸ್ತೆಯ ಮಧ್ಯದಲ್ಲೇ ಕುಣಿಯುವಷ್ಟು ಸಂತೋಷವಾಯಿತು. ಲೋಕದಲ್ಲಿ ಒಬ್ಬನಾದರೂ ತನ್ನ ಸುಳ್ಳನ್ನು ಸುಳ್ಳೆಂದು ಕಂಡುಹಿಡಿದ. ಹಾಗಾದರೆ ಕತೆ ಸುಳ್ಳೆಂದು ಖಾತ್ರಿಯಾಯಿತಲ್ಲ ಎಂದು ಮರಾಠಿಯಲ್ಲಿ ಕೇಳಿದ.

ಕತೆ ಸುಳ್ಳಲ್ಲ, ನಿಮ್ಮ ಲೆಕ್ಕ ಸುಳ್ಳು ಎಂದ ಗಾಂಗುರ್ಡೆ. ಮುದ್ದಣ್ಣನಂಥ ಪುಣ್ಯಾತ್ಮ ರೈತರಿಗೆ ಮೋಸ ಮಾಡುವವನಲ್ಲ. ಸಾಹೇಬನ ಚಣ್ಣದ ವಿಷಯ ತನ್ನ ಅಜ್ಜಿಯೂ ಹೇಳುತ್ತಿದ್ದಳಂತೆ. ಲೆಕ್ಕ ಮಾಡಿದವನೇ ಎಲ್ಲೋ ಗುಣಾಕಾರ ತಪ್ಪಿದ್ದಾನೆ. ವಿಮಾನದ ಇನ್‌ಸ್ಪೆಕ್ಟರೇ ಹೀಗೆ ಲೆಕ್ಕ ಹಾಕಿದರೆ ತಾನಂತೂ ಜನ್ಮದಲ್ಲಿ ವಿಮಾನ ಹತ್ತುವುದಿಲ್ಲ ಎಂದು ಹೇಳಿ ಫೋನಿಟ್ಟ.

ಚಿದಂಬರ ಯೇವಲಾದಿಂದ ವೈಜಾಪುರದವರೆಗೆ ಮೊಬೈಲಿನಲ್ಲಿ ಗುಣಾಕಾರ ಮಾಡುತ್ತಲೇ ಕೂತ. ನಾಲ್ಕು ಸಲ ಮಾಡಿದ. ನಾಲ್ಕು ಸಲವೂ ಲೆಕ್ಕ ಸರಿಯಾಗಿಯೇ ಬಂತು. ಇದರಿಂದ ಅವನಿಗೆ ಯಾವ ಸಮಾಧಾನವೂ ಆಗಲಿಲ್ಲ. ಪಕ್ಕದಲ್ಲಿ ವನಜಾ ಮಾತ್ರ ನವಿಲಿನ ಸೆರಗಿನ ಪೈಠಣಿಯ ಪೊಟ್ಟಣವನ್ನು ಮಡಿಲಲ್ಲಿಟ್ಟುಕೊಂಡು ಸುಖವಾಗಿ ನಿದ್ದೆ ಹೋಗಿದ್ದಳು.

ಸಂಭಾಜಿನಗರದ ಆ ಕಾಲನಿಯ ಗೇಟಿಗೆ ಬ್ಯಾನರು ಕಟ್ಟಿದ್ದರು. ಅದರಲ್ಲಿ ಪೇಟ ಸುತ್ತಿದ ಮುದುಕನೊಬ್ಬನ ಚಿತ್ರ, ಕೆಳಗೆ ಮರಾಠಿಯಲ್ಲಿ 'ಶೂರ ಮುದ್ದಣ್ಣ'. ಎರಡೂ ಕಣ್ಣು ನೆಟ್ಟಗಿದ್ದವು. ಧರ್ಮಣ್ಣ ಗೇಟಿನವರೆಗೂ ಬಂದು ಕೈ ಹಿಡಿದು ಮನೆಗೆ ಕರೆದುಕೊಂಡು ಹೋದ. ತೆಳ್ಳನೆಯ, ಬಿಳಿ ಮೀಸೆಯ, ಒಂದು ಗುಂಡಿ ತಪ್ಪಾಗಿ ಹಾಕಿಕೊಂಡ ಹೊಸ ಜುಬ್ಬಾದ ಮನುಷ್ಯ. ಊಟಕ್ಕೆ ಬಡಿಸಿದ ಮೇಲೆ, ನೆರೆಹೊರೆಯವರೆಲ್ಲ ಸುತ್ತ ಕೂತಿದ್ದಾಗ, ಅವನು ಮರಾಠಿಯಲ್ಲಿ ಅಜ್ಜನ ಕತೆ ಹೇಳತೊಡಗಿದ.

ಚಿದಂಬರ ತುತ್ತು ಎತ್ತಿದವನು ಹಾಗೇ ಕೇಳುತ್ತ ಕೂತ. ಕತೆ ಅವನದೇ, ಆದರೆ ಅವನದಲ್ಲ. ಅವನು ಬರೆಯದ ಒಂದು ಮಳೆಗಾಳಿ ಅದರಲ್ಲಿ ಬೀಸಿತು. ಮುದ್ದಣ್ಣನ ಹೆಂಡತಿಗೆ ಹೆಸರು ಬಂತು. ಸರಪಳಿ ಗಿಡ್ಡವಾದ ತೊಟ್ಟಿಲು ಒಂದು ಕಡೆಗೆ ವಾಲಿ, ಕೂಸು ಅಂದಿನಿಂದ ವಾರೆಯಾಗಿಯೇ ಮಲಗುವುದನ್ನು ಕಲಿತದ್ದು ಬಂತು. ಕೇಳುತ್ತಿದ್ದ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ತೊಟ್ಟಿಲು ವಾಲಿದ ಮಾತು ತನಗೆ ಯಾಕೆ ಹೊಳೆಯಲಿಲ್ಲ ಎಂದು ಚಿದಂಬರನಿಗೆ ಹೊಟ್ಟೆಯುರಿಯಿತು. ಕೊನೆಗೆ ಧರ್ಮಣ್ಣ, ಲೇಖಕರ ಮೇಲೆ ತನಗೆ ಒಂದೇ ಒಂದು ದೂರಿದೆ, ನಮ್ಮ ಅಜ್ಜನಿಗೆ ಮೆಳ್ಳಗಣ್ಣು ಇರಲಿಲ್ಲ ಎಂದ. ಎಲ್ಲರೂ ತಿರುಗಿ ಚಿದಂಬರನನ್ನು ಅಪರಾಧಿಯನ್ನು ನೋಡುವಂತೆ ನೋಡಿದರು. ಅವನು ತಲೆ ತಗ್ಗಿಸಿ ಕ್ಷಮೆ ಕೇಳಿದ.

ಕೈ ತೊಳೆಯುವ ನೆಪದಲ್ಲಿ ಅವನು ಧರ್ಮಣ್ಣನನ್ನು ಹಿತ್ತಿಲಿಗೆ ಕರೆದೊಯ್ದ. ಇಷ್ಟು ದೂರ ಬಂದದ್ದೇ ಇದಕ್ಕೆ. "ಧರ್ಮಣ್ಣನವರ, ತಪ್ಪು ತಿಳೀಬ್ಯಾಡ್ರಿ. ಆ ಮುದ್ದಣ್ಣನ್ನ ನಾನ ಹುಟ್ಟಿಸಿದ್ದು. ಅಂಥಾವ ಯಾರೂ ಇರಲಿಲ್ಲ" ಎಂದ.

ಧರ್ಮಣ್ಣ ಹಿತ್ತಿಲ ಬಾಗಿಲನ್ನು ಮೆಲ್ಲಗೆ ಮುಂದಕ್ಕೆ ಎಳೆದು ಚಿಲಕ ಹಾಕಿದ. "ಗೊತ್ತದರಿ" ಎಂದ.

ಚಿದಂಬರನ ಕೈಯಿಂದ ನೀರಿನ ಚೊಂಬು ಜಾರಿತು.

ಧರ್ಮಣ್ಣ ಅದನ್ನು ಎತ್ತಿಟ್ಟು, ತಗ್ಗಿದ ದನಿಯಲ್ಲಿ ಎಲ್ಲ ಹೇಳಿದ. ಅವನ ಅಜ್ಜನ ಹೆಸರು ಮುದ್ದಣ್ಣ ಎಂಬುದು ಮಾತ್ರ ಖರೆ. ಆತ ಎಲ್ಲಿ ದುಡಿದ, ಏನು ಮಾಡಿದ, ಹೇಗಿದ್ದ ಎಂಬುದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಒಂದು ಫೋಟೋ ಕೂಡ ಇಲ್ಲ. ಬ್ಯಾನರಿನ ಮುದುಕನನ್ನು ಬ್ಯಾನರಿನವನೇ ಕಂಪ್ಯೂಟರಿನಲ್ಲಿ ಹುಡುಕಿ ಕೊಟ್ಟ. ಧರ್ಮಣ್ಣ ಈ ಕಾಲನಿಗೆ ಬಂದು ಮೂವತ್ತೊಂದು ವರ್ಷ. ಇವತ್ತಿಗೂ ಗಣಪತಿ ಮಂಡಳದವರು ಚಂದಾ ಪಟ್ಟಿ ಕೇಳಲು ಬರುತ್ತಾರೆಯೇ ಹೊರತು ಸಭೆಗೆ ಕರೆಯುವುದಿಲ್ಲ. ನೀವು ಹೊರಗಿನಿಂದ ಬಂದವರು, ನಿಮಗೆ ಇಲ್ಲಿಯದು ತಿಳಿಯುವುದಿಲ್ಲ ಎನ್ನುತ್ತಾರೆ. ಮರಾಠಿಯಲ್ಲಿ ಬಂದ ಕತೆ ಓದಿ ಪಕ್ಕದ ಮನೆಯವರು, ಈ ಮುದ್ದಣ್ಣ ನಿಮ್ಮ ಕಡೆಯವನೋ ಎಂದು ಕೇಳಿದರಂತೆ. ಹೌದು, ನಮ್ಮ ಅಜ್ಜ ಎಂದು ಬಾಯಿಂದ ಬಂದುಬಿಟ್ಟಿತಂತೆ.

"ನಿನ್ನೆ ನನ್ನನ್ನ ಮಂಡಳದ ಉಪಾಧ್ಯಕ್ಷ ಮಾಡ್ಯಾರ್ರಿ" ಎಂದ ಧರ್ಮಣ್ಣ. "ನೀವು ಸುಳ್ಳಂದ್ರ ನಾ ಮತ್ತ ಹೊರಗಿನಾಂವ ಆಗ್ತೀನಿ. ನಿಮಗ ಅಜ್ಜ ಅದಾನಲ್ರಿ. ಇವನ್ನ ನನಗ ಬಿಡ್ರಿ."

ಇಪ್ಪತ್ತೆಂಟು ವರ್ಷದಲ್ಲಿ ಇಂಥ ಬಿಡಿಭಾಗ ಚಿದಂಬರನ ಮೇಜಿಗೆ ಬಂದಿರಲಿಲ್ಲ. ಅಳತೆಗೆ ಪೂರ್ತಿ ತಪ್ಪು, ಆದರೆ ಕೂಡಬೇಕಾದ ಜಾಗದಲ್ಲಿ ಸರಿಯಾಗಿ ಕೂತಿದೆ. ಅವನು ಚೊಂಬಿನಲ್ಲಿ ಉಳಿದ ನೀರಿನಿಂದ ಕೈ ತೊಳೆದುಕೊಂಡ. ಆಮೇಲೆ, ತಾನಾಗಿ ಏನೂ ಹೇಳುವುದಿಲ್ಲ ಎಂದು ಮಾತು ಕೊಟ್ಟ. ತೊಟ್ಟಿಲಿನ ಪ್ರಸಂಗ ಬಹಳ ಚೆನ್ನಾಗಿತ್ತು ಎಂದೂ ಸೇರಿಸಿದ. ಧರ್ಮಣ್ಣ ನಾಚಿದ.

ಮೂರು ಗಂಟೆಗೆ ಕಾಲನಿಯ ಸಭಾಗೃಹ ತುಂಬಿತ್ತು. ಧರ್ಮಣ್ಣನಿಗೆ ಪೇಟ, ತೆಂಗಿನಕಾಯಿ, ಹಾರ ಎಲ್ಲ ಆಯಿತು. ಆಮೇಲೆ ಸಂಗಮನಾಥರು ಮೈಕು ಹಿಡಿದು, ಕನ್ನಡ, ಮರಾಠಿ, ಹಿಂದಿ ಮೂರನ್ನೂ ಮಿಸಳದಂತೆ ಕಲಸಿ ಇಪ್ಪತ್ತು ನಿಮಿಷ ಮಾತಾಡಿ, ಲಕೋಟೆ ಒಡೆದರು. ಕತೆಗಳ ಫೈಲನ್ನು ಧಾರವಾಡದ ಇಬ್ಬರು ಪ್ರಾಧ್ಯಾಪಕರಿಗೆ ಕಳಿಸಲಾಗಿತ್ತು. ಅವರಿಗೆ ಲೇಖಕರ ಹೆಸರೂ ತಿಳಿಸಿರಲಿಲ್ಲ. ಹಾಳೆಯಲ್ಲಿದ್ದ ಕತೆಯ ಹೆಸರು ನೋಡಿ, "ಪಹಿಲಾ ಬಹುಮಾನ, ಚಿದಂಬರ" ಎಂದು ಸಾರಿದರು.

ಚಿದಂಬರ ಎದ್ದ. ಹೇಗೆ ಎದ್ದ ಎಂದು ಅವನಿಗೇ ತಿಳಿಯಲಿಲ್ಲ. ವೇದಿಕೆಯ ಮೇಜಿನ ಮೇಲೆ ಜರಿಯಂಚಿನ ಶಾಲು ಮಿಂಚುತ್ತಿತ್ತು. ಎರಡು ಮೆಟ್ಟಿಲು ಹತ್ತಿದ. ಮೂರನೆಯದಕ್ಕೆ ಕಾಲಿಟ್ಟಾಗ ಕಾಲನಿಯ ಅಧ್ಯಕ್ಷರು, ಬಿಗಿಮುಖದ ನಿವೃತ್ತ ಮಾಸ್ತರರು, ಕೂತಲ್ಲಿಂದಲೇ ಮರಾಠಿಯಲ್ಲಿ ಒಂದು ಸಂಶಯ ಎತ್ತಿದರು. ಈ ಬಹುಮಾನ ಕಾಲ್ಪನಿಕ ಕತೆಗೋ, ನಡೆದ ಘಟನೆಗೋ?

ಕಲ್ಪನೆಗೆ ಎಂದರು ಸಂಗಮನಾಥರು, ಹಿಂದೆಮುಂದೆ ನೋಡದೆ.

ಹಾಗಾದರೆ ಮುದ್ದಣ್ಣ ಕಾಲ್ಪನಿಕ ವ್ಯಕ್ತಿಯೋ ಎಂದು ಮಾಸ್ತರರು ಕೇಳಿದರು. ಹೊಸ ಪೇಟದ ಕೆಳಗೆ ಧರ್ಮಣ್ಣನ ಮುಖ ಸುಣ್ಣದ ಗೋಡೆಯಂತಾಯಿತು.

ಚಿದಂಬರ ಶಾಲನ್ನು ನೋಡಿದ, ಧರ್ಮಣ್ಣನನ್ನು ನೋಡಿದ, ಮತ್ತೊಮ್ಮೆ ಶಾಲನ್ನು ನೋಡಿದ. ನಿಂತ ಜಾಗದಿಂದ ಶಾಲಿಗೆ ಸರಿಯಾಗಿ ನಾಲ್ಕು ಅಡಿ. ಮೈಕು ಅದಕ್ಕಿಂತ ಹತ್ತಿರವಿತ್ತು. ಅದನ್ನು ಎತ್ತಿಕೊಂಡು, ತನ್ನ ಬದುಕಿನ ಎರಡನೆಯ ಸುಳ್ಳನ್ನು ಹೇಳಿದ. ಇದರಲ್ಲಿ ತನ್ನದು ಏನೂ ಇಲ್ಲ, ಹಿರಿಯರ ಬಾಯಲ್ಲಿ ಕೇಳಿದ್ದನ್ನು ಇದ್ದ ಹಾಗೆಯೇ ಬರೆದಿದ್ದೇನೆ, ಒಂದಕ್ಷರವೂ ಕಲ್ಪನೆಯಲ್ಲ, ಮೆಳ್ಳಗಣ್ಣು ಮಾತ್ರ ತನ್ನ ತಪ್ಪು ಎಂದ. ಚಪ್ಪಾಳೆಗೆ ಸಭಾಗೃಹದ ತಗಡು ಅದುರಿತು. ಮಾಸ್ತರರು ಎದ್ದು ಹೋಗಿ ಧರ್ಮಣ್ಣನನ್ನು ತಬ್ಬಿಕೊಂಡರು. ವನಜಾ ಮೊದಲ ಸಾಲಿನಲ್ಲಿ ಗಂಡನನ್ನೇ ನೋಡುತ್ತ, ಕಣ್ಣು ಅಲುಗಿಸದೆ ಕೂತಿದ್ದಳು.

ಸಂಗಮನಾಥರು ಕಾನೂನಿನ ಮನುಷ್ಯರು. ಕಲ್ಪನೆಯಲ್ಲವಾದ ಮೇಲೆ ಕಥಾ ಬಹುಮಾನ ಕೊಡಲು ಬರುವುದಿಲ್ಲ, ಎರಡನೆಯ ಸ್ಥಾನದವರೇ ಮೊದಲಿನವರಾಗುತ್ತಾರೆ ಎಂದು ಸಾರಿ ಹಾಳೆಯ ಕೆಳಗೆ ಕಣ್ಣಾಡಿಸಿದರು. ಅವರ ಬಾಯಿ ತೆರೆದದ್ದು ತೆರೆದೇ ಉಳಿಯಿತು. ಹನ್ನೊಂದು ವರ್ಷದಲ್ಲಿ ಮೈಕಿನ ಮುಂದೆ ಅವರು ಮೌನವಾದದ್ದು ಅದೇ ಮೊದಲು. ಸದಾನಂದ ಶೆಟ್ಟರು ಹಾಳೆ ಕಸಿದುಕೊಂಡು ಗಟ್ಟಿಯಾಗಿ ಓದಿದರು.

ಕತೆಗಳ ಜೊತೆಗೆ ಅಧ್ಯಕ್ಷರು ಬರೆದ ಸಂಘದ ವಾರ್ಷಿಕ ವರದಿಯೂ ಅದೇ ಫೈಲಿನಲ್ಲಿ ಹೋಗಿತ್ತು. ಪ್ರಾಧ್ಯಾಪಕರು ಅದಕ್ಕೆ ಎರಡನೆಯ ಸ್ಥಾನ ಕೊಟ್ಟಿದ್ದರು. ಟಿಪ್ಪಣಿಯೂ ಇತ್ತು: 'ಅಪೂರ್ವ ಕಲ್ಪನಾಶಕ್ತಿ. ಮುನ್ನೂರು ಸದಸ್ಯರು ಹೇಳಿದ ಸಮಯಕ್ಕೆ ಬಂದು ಅಧ್ಯಕ್ಷರ ಭಾಷಣ ಮುಗಿಯುವವರೆಗೂ ಕೂತಿದ್ದರೆಂಬ ಸನ್ನಿವೇಶ ಓದುಗನನ್ನು ಬೇರೊಂದು ಲೋಕಕ್ಕೆ ಒಯ್ಯುತ್ತದೆ.'

ಈಗ ಸಂಗಮನಾಥರು ರೇಗುತ್ತಾರೆ, ಅದೆಲ್ಲ ನಡೆದದ್ದೇ ಎಂದು ಕೂಗುತ್ತಾರೆ ಎಂದು ಚಿದಂಬರ ಕಾದ. ಅವರು ಒಮ್ಮೆ ಸಭೆಯನ್ನು ನೋಡಿದರು, ಒಮ್ಮೆ ಶಾಲನ್ನು ನೋಡಿದರು.

"ಹೌದ್ರಿ" ಎಂದರು, ತಲೆ ಬಾಗಿಸಿ. "ಅದೆಲ್ಲಾ ನನ್ನ ಕಲ್ಪನಾ."

"ಹಾಗಾದರೆ ಸಂಘದಿಂದ ನೂರು ಗಿಡ ನೆಟ್ಟದ್ದು?" ಎಂದು ಶೆಟ್ಟರು ಕೇಳಿದರು.

"ಅದೂ ಕಲ್ಪನಾ."

ಶಾಲು ಹೊದಿಸಲು ಯಾರಾದರೂ ಬೇಕಿತ್ತು. ಮೆಟ್ಟಿಲ ಮೇಲೆ ನಿಂತೇ ಇದ್ದವನು ಚಿದಂಬರ ಒಬ್ಬನೇ ಆದ್ದರಿಂದ ಅವನ ಕೈಗೇ ಕೊಟ್ಟರು. ಕನಸಿನಲ್ಲಿ ಕಂಡದ್ದಕ್ಕಿಂತ ಶಾಲು ಮೆತ್ತಗಿತ್ತು. ಅವನು ಅದನ್ನು ಅಧ್ಯಕ್ಷರ ಹೆಗಲ ಮೇಲೆ, ಎರಡೂ ಕಡೆ ಸಮನಾಗಿ ಇಳಿಬಿದ್ದಿದೆಯೇ ಎಂದು ಅಳೆದು ನೋಡಿ, ಹೊದಿಸಿದ. ಫೋಟೋ ತೆಗೆಯುವವನು ಸ್ವಲ್ಪ ಪಕ್ಕಕ್ಕೆ ಸರಿಯಿರಿ ಎಂದಾಗ ಸರಿದ.

ಸಂಗಮನಾಥರು ಅವನ ಭುಜದ ಮೇಲೆ ಕೈಯಿಟ್ಟರು. ಅವರ ದನಿಯಲ್ಲಿ ನಿಜವಾದ ಕನಿಕರವಿತ್ತು.

"ಬ್ಯಾಸರ ಮಾಡ್ಕೋಬ್ಯಾಡ್ರಿ ಚಿದಂಬರ. ಬರೇ ನಡದದ್ದನ್ನ ಬರದ್ರ ಬಹುಮಾನ ಸಿಗೂದಿಲ್ಲ. ಬರೂ ವರ್ಷ ಸ್ವಲ್ಪ ತಲಿ ಓಡಿಸಿ, ಏನರೇ ಕಲ್ಪನಾ ಮಾಡಿ ಬರೀರಿ."